ಭದ್ರಾ ನದಿಗೆ ಬಂದ ಕೆಸರು

ಆಷಾಢದಲ್ಲಿ ಕಾವೇರಿ ಕೆಂಪಗೆ ಹರಿಯೋದನ್ನು ನಾವೆಲ್ಲ ನೋಡಿದ್ದೀವಿ. ಹೊಸ ನೀರು ಬಂತು ಅಂತ ದೊಡ್ಡವರು ಖುಷಿಪಡುತ್ತಾರೆ. ಹಾಗಾದರೆ ಭದ್ರಾ ನದಿಗೆ ಕೆಸರು ಬಂದಾಗ ಆ ವಿಷಯ ಸುಪ್ರೀಂ ಕೋರ್ಟಿನವರೆಗೂ ಯಾಕೆ ಹೋಯಿತು?

ಗೆಳೆಯರೇ, ಭದ್ರೆ ಹುಟ್ಟೋದು ಚಿಕ್ಕಮಗಳೂರು ಜಿಲ್ಲೆಯ ಗಂಗಾಮೂಲದಲ್ಲಿ. ಅಲ್ಲೇ ಹತ್ತಿರದ ಕುದುರೆಮುಖದಲ್ಲಿ ಕಬ್ಬಿಣದ ಅದಿರು ತೆಗೆಯಲು 1976ರಲ್ಲಿ ಸರ್ಕಾರಿ ಕಂಪನಿ ಶುರುವಾಯಿತು. ಆ ಕಲ್ಲಿನಲ್ಲಿ ನೂರು ಕೆ.ಜಿ.ಗೆ ಕಬ್ಬಿಣ ನಲವತ್ತು ಕೆ.ಜಿ.ಯೂ ಇಲ್ಲ. ಅದಕ್ಕೇ ಬೆಟ್ಟ ಒಡೆದು, ಕಲ್ಲನ್ನು ರಾಗಿಹಿಟ್ಟಿನ ಹಾಗೆ ನುಣ್ಣಗೆ ಅರೆದು, ಕಬ್ಬಿಣದ ಪುಡಿ ಬೇರೆ ಮಾಡುತ್ತಿದ್ದರು. ಆ ಪುಡಿ ನೀರಿನ ಜೊತೆ ಕೊಳವೆಯಲ್ಲಿ 67 ಕಿ.ಮೀ. ಹರಿದು ಮಂಗಳೂರಿಗೆ ಹೋಗುತ್ತಿತ್ತು. ಉಳಿದ ಕೆಸರು? ಅದನ್ನು ತಡೆಯೋಕೆ ಭದ್ರೆಗೆ ಸೇರುವ ಲಕ್ಯಾ ಹೊಳೆಗೆ ಅಡ್ಡಲಾಗಿ ಸುಮಾರು 100 ಮೀಟರ್ ಎತ್ತರದ ಕಟ್ಟೆ ಕಟ್ಟಿದರು. ಹೆಚ್ಚುಕಡಿಮೆ ನಮ್ಮ ಗಗನಚುಕ್ಕಿಯಷ್ಟು ಎತ್ತರ!

ಆದರೆ ಅಲ್ಲಿನ ಮಳೆ ನಮ್ಮ ಮಳೆಯಲ್ಲ. ಮಂಡ್ಯ ಜಿಲ್ಲೆಗೆ ವರ್ಷಕ್ಕೆ ಸುಮಾರು 700 ಮಿ.ಮೀ. ಬಿದ್ದರೆ ಅಲ್ಲಿ 6000 ಮಿ.ಮೀ. ದಾಟುತ್ತೆ. ಕಾಡು ಇದ್ದಾಗ ಮರ, ಹುಲ್ಲು, ಬೇರು ಮಣ್ಣನ್ನು ಹಿಡಿದಿಟ್ಟುಕೊಳ್ಳುತ್ತವೆ. ಬೋಳಾದ ಗಣಿ ಇಳಿಜಾರಿನಿಂದ ಅದು ಸೀದಾ ಹೊಳೆಗೆ ಇಳಿಯುತ್ತೆ.

ಹೊಸ ನೀರಿನಲ್ಲಿ ಎಲೆಗೊಬ್ಬರ ಸೇರಿದ ಮೇಲ್ಮಣ್ಣು ಇರುತ್ತೆ, ಗದ್ದೆಗೆ ಒಳ್ಳೇದು. ಅರೆದ ಕಲ್ಲಿನ ಕೆಸರಿನಲ್ಲಿ ಆ ಸಾರ ಎಲ್ಲಿ? ಗದ್ದೆ ಮೇಲೆ ಕೂತರೆ ಗಟ್ಟಿ ಪದರ ಆಗುತ್ತೆ. ಹೊಳೆಯ ತಳದ ನುರುಜುಗಲ್ಲಿನ ಸಂದಿ ಮುಚ್ಚಿಹೋದರೆ ಅಲ್ಲಿ ಮೊಟ್ಟೆ ಇಡುವ ಮೀನಿಗೆ ಜಾಗವಿಲ್ಲ. ಮುಂದೆ ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನಲ್ಲಿ ನೀರು ನಿಂತಾಗ ಹೂಳು ತಳಕ್ಕೆ ಇಳಿಯುತ್ತೆ. ಹೂಳು ಎಷ್ಟು ಏರುತ್ತೋ ಅಷ್ಟು ನೀರಿನ ಜಾಗ ಹೋಯಿತು. ಶಿವಮೊಗ್ಗ, ದಾವಣಗೆರೆ ಕಡೆಯ ನಾಲೆಗಳಿಗೆ ನೀರು ಅಲ್ಲಿಂದಲೇ. ನಾಲೆ ನೀರು ತಡವಾದರೆ ಏನಾಗುತ್ತೆ ಅಂತ ನಮ್ಮೂರಿನವರಿಗೆ ಹೇಳಿಕೊಡಬೇಕಾ! ಆಮೇಲೆ ಕೂಡ್ಲಿಯಲ್ಲಿ ತುಂಗೆ ಸೇರಿ, ಅದು ತುಂಗಭದ್ರೆಯಾಗಿ ಹೊಸಪೇಟೆ ಕಡೆಗೆ ಹೋಗುತ್ತೆ.

ಕಂಪನಿಯಿಂದ ಸಾವಿರಾರು ಜನಕ್ಕೆ ಕೆಲಸ ಸಿಕ್ಕಿತ್ತು, ಅದೂ ನಿಜ. ಆದರೂ 2002ರಲ್ಲಿ ಸುಪ್ರೀಂ ಕೋರ್ಟು 2005ರ ಕೊನೆಗೆ ಗಣಿ ನಿಲ್ಲಿಸಬೇಕು ಅಂತ ತೀರ್ಪು ಕೊಟ್ಟಿತು. ಹಾಗೇ ನಿಂತಿತು. ಬೋಳು ಗುಡ್ಡದ ಮೇಲೆ ಹುಲ್ಲು ಬೆಳೆಯಬಹುದು. ಲಕ್ಯಾ ಕಟ್ಟೆಯ ಹಿಂದಿನ ಕೆಸರು ಮಾತ್ರ ಎಲ್ಲಿಗೂ ಹೋಗಿಲ್ಲ. ಪ್ರತಿ ಮಳೆಗಾಲವೂ ಆ ಕಟ್ಟೆ ಬಿರುಕು ಬಿಡದಂತೆ, ತಿಳಿನೀರು ಹೊರಹೋಗುವ ದಾರಿ ಕಟ್ಟಿಕೊಳ್ಳದಂತೆ ಯಾರಾದರೂ ಕಾಯಲೇಬೇಕು. ಕೆಳಗೆ ಭದ್ರೆ ಹರಿಯುತ್ತಿದ್ದಾಳೆ.