ಟೈಲ್ಸ್ ಆಮೇಲೆ, ತಾರಸಿ ಮೊದಲು

ಮನೆ ಕಟ್ಟಿಸುವವರ ಪಟ್ಟಿ ಸಾಮಾನ್ಯವಾಗಿ ಕಣ್ಣಿಗೆ ಕಾಣುವುದರಿಂದಲೇ ಶುರುವಾಗುತ್ತದೆ: ಯಾವ ಗ್ರಾನೈಟ್, ಮಾಡ್ಯುಲರ್ ಕಿಚನ್ ಎಷ್ಟಕ್ಕೆ, ಹಾಲಿಗೆ ಫಾಲ್ಸ್ ಸೀಲಿಂಗ್ ಬೇಕೇ. ಇವೆಲ್ಲ ಐದು ವರ್ಷ ಬಿಟ್ಟೂ ಮಾಡಿಸಬಹುದಾದವು. ತಾರಸಿ, ಕಿಟಕಿಯ ಜಾಗ, ಪಶ್ಚಿಮದ ಗೋಡೆ, ನೆಲದೊಳಗಿನ ಪೈಪು ಹಾಗಲ್ಲ. ಒಮ್ಮೆ ತಪ್ಪಿದರೆ ಒಡೆದೇ ಸರಿಪಡಿಸಬೇಕು. ಕೈಯಲ್ಲಿ ದುಡ್ಡು ಕಡಿಮೆಯಿದ್ದಷ್ಟೂ ಅದು ಮೊದಲು ಇವಕ್ಕೇ ಹೋಗಬೇಕು.

ತಾರಸಿಗೆ ಮೊದಲ ಸ್ಥಾನ ಏಕೆಂದರೆ ನಮ್ಮ ಸೂರ್ಯ ನೆತ್ತಿಯ ಮೇಲಿನವನು. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ಇಲ್ಲಿ ನಡುಮಧ್ಯಾಹ್ನ ನೆಟ್ಟ ಕಂಬಕ್ಕೂ ನೆರಳಿರುವುದಿಲ್ಲ. ಬೇಸಿಗೆಯ ಬಿಸಿಲಿನ ದೊಡ್ಡ ಪಾಲನ್ನು ಗೋಡೆಗಳಿಗಿಂತ ತಾರಸಿಯೇ ಹೊರುತ್ತದೆ. ನಾಲ್ಕೈದು ಇಂಚಿನ ಆರ್‌ಸಿಸಿ ಆ ಶಾಖವನ್ನು ಹೀರಿಕೊಂಡು, ಕೆಲವು ಗಂಟೆ ತಡವಾಗಿ ಒಳಗೆ ಬಿಡುತ್ತದೆ. ಸಂಜೆ ಹೊರಗೆ ತಂಗಾಳಿ ಬೀಸುತ್ತಿದ್ದರೂ ಮೇಲಿನ ಮಹಡಿಯ ಕೋಣೆ ಕಾದಿರುವುದು ಇದರಿಂದಲೇ. ಕಾದ ಸೂರು ಅವಕೆಂಪು ವಿಕಿರಣವನ್ನು ನೇರವಾಗಿ ಮೈಮೇಲೆ ಸುರಿಸುತ್ತದೆ. ಫ್ಯಾನು ಗಾಳಿಯನ್ನು ಓಡಿಸೀತೇ ಹೊರತು ಈ ವಿಕಿರಣವನ್ನು ತಡೆಯಲಾರದು. ಶಾಖನಿರೋಧಕ ಪದರವನ್ನು ಕಾಂಕ್ರೀಟಿನ ಕೆಳಗೆ ಹಾಕುವುದಕ್ಕಿಂತ ಮೇಲೆ ಹಾಕುವುದು ಒಳ್ಳೆಯದು, ಆಗ ಕಾಂಕ್ರೀಟೇ ಕಾಯುವುದಿಲ್ಲ. ಅಷ್ಟಕ್ಕೂ ಕೈಲಾಗದಿದ್ದರೆ ಬಿಳಿ ಪ್ರತಿಫಲಕ ಬಣ್ಣವಾದರೂ ಇರಲಿ. ಅದರ ಮೇಲೆ ಧೂಳು ಕೂತಷ್ಟೂ ಗುಣ ಇಳಿಯುತ್ತದೆ, ಆಗಾಗ ತೊಳೆಯಬೇಕು.

ಗೋಡೆಗಳ ವಿಷಯದಲ್ಲಿ ದಿಕ್ಕಿನಿಂದ ದಿಕ್ಕಿಗೆ ಲೆಕ್ಕ ಬೇರೆ. ಮಾರ್ಚ್ 21ರ ಸುಮಾರಿಗೆ ದಕ್ಷಿಣದ ಕಿಟಕಿಯ ಮೇಲೆ ಎರಡಡಿ ಸಜ್ಜಾ ಇದ್ದರೆ ಮಧ್ಯಾಹ್ನ ಅದರ ನೆರಳು ಗೋಡೆಯ ಮೇಲೆ ಎಂಟಡಿಗೂ ಹೆಚ್ಚು ಇಳಿಯುತ್ತದೆ, ಕಿಟಕಿ ಪೂರ್ತಿ ಮುಚ್ಚುತ್ತದೆ. ಅದೇ ದಿನ ಸಂಜೆ ನಾಲ್ಕೂವರೆಗೆ ಪಶ್ಚಿಮದ ಕಿಟಕಿಯ ಎರಡಡಿ ಸಜ್ಜಾ ಕೊಡುವುದು ಹೆಚ್ಚುಕಡಿಮೆ ಒಂದಡಿ ನೆರಳು, ಅಷ್ಟೇ. ಬಾಗಿದ ಸೂರ್ಯ ಸಜ್ಜಾದ ಅಡಿಯಿಂದ ನುಸುಳಿ ಹಾಸಿಗೆಯವರೆಗೂ ಬರುತ್ತಾನೆ. ಹಾಗಾಗಿ ಮೆಟ್ಟಿಲು, ಬಚ್ಚಲು, ಉಗ್ರಾಣ ಪಶ್ಚಿಮಕ್ಕಿದ್ದರೆ ಮಲಗುವ ಕೋಣೆ ಉಳಿಯುತ್ತದೆ. ಹಾಗೆಂದು ಪಶ್ಚಿಮವನ್ನು ಪೂರ್ತಿ ಮುಚ್ಚಿಬಿಡುವುದೂ ಸರಿಯಲ್ಲ, ಮುಂಗಾರಿನ ಗಾಳಿ ಬರುವುದು ಆ ಕಡೆಯಿಂದಲೇ. ಬಿಸಿಲನ್ನು ತಡೆದು ಗಾಳಿಯನ್ನು ಬಿಡುವ ಜಾಲಂಧ್ರ ಅಲ್ಲಿಗೆ ಹೇಳಿ ಮಾಡಿಸಿದ್ದು.

ಗಾಳಿಗೆ ಒಳಬರುವ ದಾರಿಯಷ್ಟೇ ಹೊರಹೋಗುವ ದಾರಿಯೂ ಬೇಕು. ಒಂದೇ ಕಿಟಕಿಯ ಕೋಣೆಯಲ್ಲಿ ಅದು ಅಲ್ಲೇ ನಿಲ್ಲುತ್ತದೆ. ಎದುರು ಗೋಡೆಯಲ್ಲಿ, ಸೂರಿಗೆ ಹತ್ತಿರ ಒಂದು ವೆಂಟಿಲೇಟರ್ ಇದ್ದರೆ ಹಗುರಾದ ಬಿಸಿ ಗಾಳಿ ತಾನಾಗಿ ಹೊರಬೀಳುತ್ತದೆ. ತೊಟ್ಟಿ ಮನೆಯ ತೆರೆದ ನಡುವಂಕಣ ಮಾಡುತ್ತಿದ್ದದ್ದೂ ಇದೇ ಕೆಲಸ.

ಯಾವುದು ಮೊದಲು ಎಂಬುದು ಊರಿನ ಮೇಲೂ ನಿಂತಿದೆ. ಕಲಬುರಗಿ, ವಿಜಯಪುರದ ಒಣ ಸೀಮೆಯಲ್ಲಿ ಬೇಸಿಗೆಯ ಹಗಲು ರಾತ್ರಿಗಳ ಉಷ್ಣತೆಗೆ ದೊಡ್ಡ ಅಂತರ. ಅಲ್ಲಿನ ದಪ್ಪ ಕಲ್ಲುಗೋಡೆ ಹಗಲಿನ ಕಾವನ್ನು ತನ್ನಲ್ಲೇ ಹಿಡಿದಿಟ್ಟು ಒಳಗನ್ನು ತಂಪಾಗಿಡುತ್ತದೆ. ಮಂಗಳೂರಿನಲ್ಲಿ ಆ ಅಂತರ ಕಡಿಮೆ, ಗಾಳಿಯಲ್ಲಿ ತೇವ ಹೆಚ್ಚು. ಅಲ್ಲಿ ಬೆವರು ಆರಿಸುವ ಗಾಳಿಯೇ ಮುಖ್ಯ. ಜಡಿಮಳೆಗೆ ಇಳಿಜಾರು ಹೆಂಚಿನ ಸೂರು, ಮುಂದಕ್ಕೆ ಚಾಚಿದ ಮಾಡು. ಕರಾವಳಿಯ ಮನೆಯ ನಕ್ಷೆಯನ್ನು ಬಯಲುಸೀಮೆಗೆ ತಂದು ಕಟ್ಟಿದರೆ, ಅಥವಾ ಇಲ್ಲಿಯದನ್ನು ಅಲ್ಲಿಗೆ ಒಯ್ದರೆ, ಅದರ ಗುಣ ಬರುವುದಿಲ್ಲ.

ಕೊನೆಗೆ ನೀರು. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್. ಬೆಂಗಳೂರಿನ ವಾರ್ಷಿಕ ಮಳೆ ಸುಮಾರು 970 ಮಿಲಿಮೀಟರ್. 80 ಚದರ ಮೀಟರ್ ತಾರಸಿಗೆ ವರ್ಷಕ್ಕೆ 77,600 ಲೀಟರ್ ಬೀಳುತ್ತದೆ. ಐದರಲ್ಲೊಂದು ಪಾಲು ಆವಿಯಾಗಿ, ಸೋರಿ ಹೋದರೂ 62,000 ಲೀಟರ್ ಉಳಿಯುತ್ತದೆ. ಇದಕ್ಕೆ ಬೇಕಾದ್ದು ತಾರಸಿಯ ಸರಿಯಾದ ಇಳಿಜಾರು, ಒಂದು ಕೊಳವೆ, ಒಂದು ಸೋಸು ತೊಟ್ಟಿ, ಸಂಪಿಗೆ ಸಂಪರ್ಕ. ಕಟ್ಟುವಾಗಲೇ ಮಾಡಿದರೆ ಖರ್ಚು ಸಣ್ಣದು.

ಪ್ಲಾನಿಗೆ ಒಪ್ಪಿಗೆ ಕೊಡುವ ಮುನ್ನ ಒಂದು ಸಂಜೆ ಖಾಲಿ ಸೈಟಿನಲ್ಲಿ ನಿಂತು ಬಿಸಿಲು ಎಲ್ಲಿಂದ ಬೀಳುತ್ತದೆ, ಗಾಳಿ ಎಲ್ಲಿಂದ ಬರುತ್ತದೆ ಎಂದು ಒಂದು ಹಾಳೆಯಲ್ಲಿ ಗುರುತು ಮಾಡಿಕೊಳ್ಳಿ. ಆ ಹಾಳೆಯನ್ನು ಎಂಜಿನಿಯರಿಗೂ ಮೇಸ್ತ್ರಿಗೂ ಕೊಡಿ. ಟೈಲ್ಸ್ ಅಂಗಡಿಗೆ ಆಮೇಲೆ ಹೋದರಾಯಿತು.