ಅಳಿಸಬೇಡಿ, ಆ ಫೋನೇ ಸಾಕ್ಷಿ

2025ರ ಮಾರ್ಚ್‌ನಲ್ಲಿ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ವೃದ್ಧ ದಂಪತಿ ಜೀವ ಕಳೆದುಕೊಂಡರು. ಅಧಿಕಾರಿಗಳ ಸೋಗಿನಲ್ಲಿ ಕರೆ ಮಾಡಿ ಬಂಧನದ ಬೆದರಿಕೆ ಹಾಕುವ ‘ಡಿಜಿಟಲ್ ಅರೆಸ್ಟ್’ ವಂಚಕರು ಅವರಿಂದ 50 ಲಕ್ಷ ರೂಪಾಯಿಗೂ ಹೆಚ್ಚು ಕಿತ್ತುಕೊಂಡಿದ್ದರು. ಇಂಥ ಕಳ್ಳರು ಮನೆಗೆ ಕಾಲಿಡುವುದಿಲ್ಲ, ಬೆರಳಚ್ಚು ಬಿಡುವುದಿಲ್ಲ. ಅವರ ಜಾಡು ಉಳಿಯುವುದು ಫೋನು, ಬ್ಯಾಂಕು, ಟೆಲಿಕಾಂ ಕಂಪನಿಗಳ ದಾಖಲೆಗಳಲ್ಲಿ.

ಆ ಜಾಡು ಬಹಳ ನಾಜೂಕು. ಚಾಲೂ ಇರುವ ಫೋನನ್ನು ತನಿಖಾಧಿಕಾರಿ ಅವಸರದಲ್ಲಿ ಆಫ್ ಮಾಡಿದರೆ ಒಳಗಿನ ಮಾಹಿತಿಯ ಬೀಗ ಇನ್ನಷ್ಟು ಬಿಗಿಯಾಗುತ್ತದೆ. ನೆಟ್‌ವರ್ಕ್‌ನಲ್ಲೇ ಬಿಟ್ಟರೆ ಯಾರಾದರೂ ದೂರದಿಂದಲೇ ಅದನ್ನು ಅಳಿಸಬಹುದು. ಅದಕ್ಕೇ ರೇಡಿಯೊ ಅಲೆಗಳನ್ನು ತಡೆಯುವ ಫ್ಯಾರಡೆ ಚೀಲದಲ್ಲಿಟ್ಟು ಪ್ರಯೋಗಾಲಯಕ್ಕೆ ಒಯ್ಯುತ್ತಾರೆ. ಹಾರ್ಡ್ ಡಿಸ್ಕ್ ಸಿಕ್ಕರೆ, ಓದಲು ಬಿಟ್ಟು ಬರೆಯಲು ಬಿಡದ ‘ರೈಟ್ ಬ್ಲಾಕರ್’ ಮೂಲಕ ಅದರ ಪಡಿಯಚ್ಚು ತೆಗೆಯುತ್ತಾರೆ. ಪರೀಕ್ಷೆ ನಡೆಯುವುದು ಆ ನಕಲಿನ ಮೇಲೆ.

ನಕಲು ಮೂಲದಂತೆಯೇ ಇದೆ ಎನ್ನುವುದಕ್ಕೆ ಹ್ಯಾಶ್ ಎಂಬ ಲೆಕ್ಕವಿದೆ. ಕಡತ ಎಷ್ಟೇ ದೊಡ್ಡದಿರಲಿ, ಎಸ್‌ಎಚ್‌ಎ-256 ಎಂಬ ಹ್ಯಾಶ್ ವಿಧಾನ ಅದರಿಂದ 64 ಚಿಹ್ನೆಗಳ ಒಂದು ಗುರುತನ್ನು ಹೊರಡಿಸುತ್ತದೆ. ಒಳಗೆ ಒಂದೇ ಒಂದು ಅಕ್ಷರ ಬದಲಾದರೂ ಗುರುತು ಪೂರಾ ಬೇರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಈ ಗುರುತನ್ನು ನಮೂದಿಸಲೇಬೇಕು. ಇದು ಒಳ್ಳೆಯ ಕಾನೂನು. ನ್ಯಾಯಾಲಯಕ್ಕೆ ಬಂದ ಕಡತವನ್ನು ಯಾರೂ ತಿದ್ದಿಲ್ಲವೆಂದು ಆರೋಪಿಯ ವಕೀಲರೂ ಪರೀಕ್ಷಿಸಿ ನೋಡಬಹುದು.

ಅತಿ ಹೆಚ್ಚು ತಾಳ್ಮೆ ಬೇಡುವುದು ಸಮಯದ ತಾಳೆ. ಅನೇಕ ಆ್ಯಪ್‌ಗಳು ಹೊತ್ತನ್ನು ದಾಖಲಿಸುವುದು 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳ ಎಣಿಕೆಯಾಗಿ. 1719792000 ಎಂದಿದ್ದರೆ ಅದು ನಮ್ಮ ಗಡಿಯಾರದಲ್ಲಿ 2024ರ ಜುಲೈ 1ರ ಬೆಳಗಿನ 5:30. ಹೊಸ ಕಾನೂನು ಬಂದ ದಿನವೇ. ಜಾಗತಿಕ ಸಮಯಕ್ಕೆ ಐದೂವರೆ ತಾಸು ಸೇರಿಸಲು ಮರೆತರೆ ಇಡೀ ಕಥೆ ತಲೆಕೆಳಗು. ಲೂಟಿಯ ಹಣವನ್ನು ಬೆಳಗಾವಿಯ ಹಿಂದವಾಡಿಯ ಎಟಿಎಂ ಒಂದರಲ್ಲಿ ತೆಗೆದರು ಎಂದಿಟ್ಟುಕೊಳ್ಳಿ. ಎದುರಿನ ಅಂಗಡಿಯ ಸಿಸಿಟಿವಿ ಗಡಿಯಾರ ಏಳು ನಿಮಿಷ ಹಿಂದಿದ್ದರೆ ಬ್ಯಾಂಕಿನ ದಾಖಲೆಗೂ ಚಿತ್ರಕ್ಕೂ ಹೊಂದುವುದಿಲ್ಲ. ಹೀಗಾಗಿ ಸಿಸಿಟಿವಿ ದೃಶ್ಯಗಳನ್ನು ದಾಖಲಿಸುವ ಡಿವಿಆರ್ ಜಪ್ತಿ ಮಾಡುವಾಗ ಅದರ ಸಮಯವನ್ನೂ ಸರಿಯಾದ ಸಮಯವನ್ನೂ ಪಂಚನಾಮೆಯಲ್ಲಿ ಬರೆದಿಡಬೇಕು. ಅದೂ ಬೇಗ, ಏಕೆಂದರೆ ಡಿವಿಆರ್ ತುಂಬಿದೊಡನೆ ಹಳೆಯ ದೃಶ್ಯದ ಮೇಲೇ ಹೊಸದನ್ನು ಬರೆಯುತ್ತದೆ.

ಐಪಿ ವಿಳಾಸದ್ದೂ ಇದೇ ಪಾಡು. ಮೊಬೈಲ್ ಇಂಟರ್‌ನೆಟ್‌ನಲ್ಲಿ ಒಂದೇ ವಿಳಾಸವನ್ನು ಏಕಕಾಲಕ್ಕೆ ಅನೇಕರು ಹಂಚಿಕೊಂಡಿರುತ್ತಾರೆ. ಕರಾರುವಾಕ್ಕಾದ ಸಮಯ, ಪೋರ್ಟ್ ಸಂಖ್ಯೆ ಎರಡೂ ಇಲ್ಲದಿದ್ದರೆ ಬಳಕೆದಾರ ಸಿಗುವುದಿಲ್ಲ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದಂತೆ ಕಂಪನಿಗಳು ಲಾಗ್‌ಗಳನ್ನು ಕಾಪಿಡಬೇಕಾದ ಅವಧಿ 180 ದಿನ. ದೂರು ತಡವಾದಷ್ಟೂ ದಾರಿ ಮುಚ್ಚುತ್ತ ಹೋಗುತ್ತದೆ.

ಮೋಸ ಹೋದವರು ನಾಚಿಕೆಯಿಂದ ಚಾಟ್ ಅಳಿಸಿಬಿಡುತ್ತಾರೆ. ಅಳಿಸಿದ ಸಂದೇಶ ಕೆಲವೊಮ್ಮೆ ಡೇಟಾಬೇಸ್‌ನ ಖಾಲಿ ಜಾಗದಲ್ಲಿ ಉಳಿದಿರುತ್ತದೆ. ಆದರೆ ಇಡೀ ಫೋನನ್ನು ರೀಸೆಟ್ ಮಾಡಿದರೆ ಒಳಗಿನ ಬೀಗದ ಕೀಲಿಯೇ ನಾಶವಾಗುತ್ತದೆ. ಮತ್ತೆ ಏನೂ ಸಿಗದು. ನಾಚಬೇಕಾದವರು ನೀವಲ್ಲ. ಚಾಟ್, ನಂಬರು, ನಕಲಿ ನೋಟಿಸು, ಹಣ ವರ್ಗಾವಣೆಯ ಯುಟಿಆರ್ ಸಂಖ್ಯೆ ಎಲ್ಲವನ್ನೂ ಹಾಗೇ ಇಟ್ಟುಕೊಂಡು ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮನೆಯ ಹಿರಿಯರಿಗೂ ಇದನ್ನು ಇವತ್ತೇ ಹೇಳಿಡಿ.