ಸ್ಟೆಂಟ್ ಹಾಕಿದ ಮೇಲಿನ ಒಂದು ವರ್ಷ

ಶಿಗ್ಗಾವಿ, ಸವಣೂರು, ಹಾನಗಲ್‌ಗಳಲ್ಲಿ ಯಾರಿಗಾದರೂ ಹೃದಯಾಘಾತವಾದರೆ ದೊಡ್ಡ ಚಿಕಿತ್ಸೆಗೆ ಹುಬ್ಬಳ್ಳಿ-ಧಾರವಾಡದ ದಾರಿ ಹಿಡಿಯುವುದು ರೂಢಿ. ಹಿರೇಕೆರೂರಿನವರಿಗೆ ದಾವಣಗೆರೆ, ಶಿವಮೊಗ್ಗಗಳೂ ಇವೆ. ಅಲ್ಲಿ ಮಣಿಕಟ್ಟಿನ ಇಲ್ಲವೆ ತೊಡೆಸಂದಿನ ರಕ್ತನಾಳದಿಂದ ತೆಳುವಾದ ಕೊಳವೆ ತೂರಿಸಿ, ಹೃದಯದ ಕಟ್ಟಿಕೊಂಡ ರಕ್ತನಾಳವನ್ನು ಬಲೂನಿನಿಂದ ಹಿಗ್ಗಿಸಿ, ಸ್ಟೆಂಟ್ ಎಂಬ ಲೋಹದ ಸಣ್ಣ ಜಾಲರಿಯೊಂದನ್ನು ಕೂರಿಸುತ್ತಾರೆ. ಕೆಲವೇ ದಿನಗಳಲ್ಲಿ ರೋಗಿ ಊರಿಗೆ ಮರಳುತ್ತಾನೆ. "ಸ್ಟಂಟ್ ಹಾಕ್ಯಾರ, ಇನ್ನೇನ್ ಚಿಂತಿ ಇಲ್ಲ" ಎಂದು ಮನೆಯವರು ನಿಟ್ಟುಸಿರು ಬಿಡುತ್ತಾರೆ. ಪ್ರಾಣ ಉಳಿದ ಸಮಾಧಾನದಲ್ಲಿ ಆಡುವ ಮಾತದು, ತಪ್ಪೆನ್ನಲಾಗದು. ಆದರೆ ಜಾಲರಿಗೆ ಲೇಪಿಸಿದ ಔಷಧಿಯ ಕೆಲಸ ಆಗಷ್ಟೇ ಶುರುವಾಗಿರುತ್ತದೆ. ಅದು ಮುಗಿಯುವುದು ರೋಗಿ ತನ್ನ ಹೊಲ-ಮನೆ, ಅಂಗಡಿ, ಸಂತೆಗಳಲ್ಲಿ ಓಡಾಡಿಕೊಂಡಿರುವಾಗ.

ಈ ಲೇಪನ ಯಾಕೆ ಬೇಕಾಯಿತು? 1977ರ ಸೆಪ್ಟೆಂಬರ್ 16ರಂದು ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಎಂಬ ವೈದ್ಯ ಮೊದಲ ಬಾರಿಗೆ ಹೃದಯದ ರಕ್ತನಾಳವನ್ನು ಬಲೂನಿನಿಂದ ತೆರೆದ. ಎದೆ ಸೀಳದೆ ಆದ ಆ ಚಿಕಿತ್ಸೆ ಜಗತ್ತನ್ನೇ ಬೆರಗುಗೊಳಿಸಿತು. ಆದರೆ ಬಲೂನಿನ ಚಿಕಿತ್ಸೆ ಪಡೆದ ಮೂವರಲ್ಲಿ ಸುಮಾರು ಒಬ್ಬರಿಗೆ ಆರು ತಿಂಗಳೊಳಗೆ ಅದೇ ಜಾಗ ಮತ್ತೆ ಕಿರಿದಾಗುತ್ತಿತ್ತು. ಹಿಗ್ಗಿಸಿದ ನಾಳ ರಬ್ಬರಿನ ಗುಣ ತೋರಿ ಮತ್ತೆ ಕುಗ್ಗುವುದು ಒಂದು ಕಾರಣ. 1986ರಲ್ಲಿ ಫ್ರಾನ್ಸ್, ಸ್ವಿಟ್ಜರ್‌ಲೆಂಡ್‌ಗಳಲ್ಲಿ ಲೋಹದ ಸ್ಟೆಂಟುಗಳನ್ನು ಅಳವಡಿಸತೊಡಗಿದಾಗ ಕುಗ್ಗುವುದು ನಿಂತಿತು. ಎರಡನೆಯ ಕಾರಣ ಮಾತ್ರ ಹಾಗೇ ಉಳಿಯಿತು. ಬಲೂನು ಹಿಗ್ಗುವಾಗ ನಾಳದ ಒಳಪದರಕ್ಕೆ ಗಾಯವಾಗುತ್ತದೆ. ಕುಡುಗೋಲು ತಾಗಿದ ಬೆರಳು ಮಾಯುವಾಗ ಕೆಲವರಲ್ಲಿ ಉಬ್ಬಿದ ಕಲೆ ಏಳುತ್ತದಲ್ಲ, ಹಾಗೆಯೇ ನಾಳದ ಗೋಡೆಯ ಸ್ನಾಯುಕೋಶಗಳು ಮಿತಿಮೀರಿ ಬೆಳೆದು, ಜಾಲರಿಯ ಕಿಂಡಿಗಳಿಂದ ಒಳಗೆ ತುಂಬಿಕೊಳ್ಳುತ್ತವೆ. ಬರಿ ಲೋಹದ ಸ್ಟೆಂಟ್ ಹಾಕಿಸಿಕೊಂಡವರಲ್ಲಿ ನೂರಕ್ಕೆ ಇಪ್ಪತ್ತು-ಮೂವತ್ತು ಮಂದಿಗೆ ಹೀಗಾಗುತ್ತಿತ್ತು.

ಆ ಬೆಳವಣಿಗೆಯನ್ನು ತಡೆಯುವ ಔಷಧ ಸಿಕ್ಕಿದ್ದು ಮಣ್ಣಿನಲ್ಲಿ. 1964ರಲ್ಲಿ ಕೆನಡಾದಿಂದ ಹೊರಟ ವೈದ್ಯರ ತಂಡವೊಂದು ಶಾಂತಸಾಗರದ ನಡುವಿನ ರಾಪಾ ನೂಯಿ, ಅಂದರೆ ಈಸ್ಟರ್ ದ್ವೀಪದ ಮಣ್ಣಿನ ಮಾದರಿಗಳನ್ನು ತಂದಿತು. ಅದರಲ್ಲಿದ್ದ ಒಂದು ಬ್ಯಾಕ್ಟೀರಿಯಾ ಶಿಲೀಂಧ್ರನಾಶಕ ವಸ್ತುವೊಂದನ್ನು ತಯಾರಿಸುತ್ತಿತ್ತು. ದ್ವೀಪದ ಹೆಸರಿನಿಂದಲೇ ಅದು ರಾಪಾಮೈಸಿನ್ ಆಯಿತು, ಮುಂದೆ ಸಿರೋಲಿಮಸ್ ಎಂಬ ಹೆಸರೂ ಬಂತು. ಅದನ್ನು ಬೇರ್ಪಡಿಸಿದ ತಂಡದಲ್ಲಿದ್ದವರು ಬನಾರಸ್‌ನಲ್ಲಿ ಓದಿದ ಸುರೇನ್ ಸೆಹಗಲ್. 1980ರ ದಶಕದ ಆರಂಭದಲ್ಲಿ ಅವರು ಕೆಲಸ ಮಾಡುತ್ತಿದ್ದ ಔಷಧ ಕಂಪನಿ ತನ್ನ ಮಾಂಟ್ರಿಯಲ್ ಪ್ರಯೋಗಾಲಯ ಮುಚ್ಚಿ ಸಂಶೋಧನೆ ಕೈಬಿಟ್ಟಾಗಲೂ ಅವರು ಸುಮ್ಮನಾಗಲಿಲ್ಲ. ಆ ಸೂಕ್ಷ್ಮಜೀವಿಯನ್ನು ತಮ್ಮ ಮನೆಯ ಫ್ರೀಜರಿನಲ್ಲೇ ವರ್ಷಗಟ್ಟಲೆ ಕಾಪಾಡಿದರು. ಒಬ್ಬ ವಿಜ್ಞಾನಿಯ ಆ ಹಟ ಇಲ್ಲದಿದ್ದರೆ ಇವತ್ತಿನ ಸ್ಟೆಂಟುಗಳ ಕಥೆಯೇ ಬೇರೆ ಇರುತ್ತಿತ್ತು.

ಸಿರೋಲಿಮಸ್ ಕೋಶವನ್ನು ಕೊಲ್ಲುವುದಿಲ್ಲ, ಒಂದು ಎರಡಾಗದಂತೆ ತಡೆದು ನಿಲ್ಲಿಸುತ್ತದೆ. ಜಾಲರಿಯ ಮೇಲಿನ ತೆಳು ಪಾಲಿಮರ್ ಪದರದಲ್ಲಿ ಬೆರೆಸಿದ ಈ ಔಷಧ ಬಹುಪಾಲು ಮೊದಲ ಒಂದು ತಿಂಗಳಲ್ಲಿ ನಾಳದ ಗೋಡೆಗೆ ನಿಧಾನವಾಗಿ ಇಳಿಯುತ್ತದೆ. ಗಾಯ ಮಾಯುವ ಭರದಲ್ಲಿ ಕೋಶಗಳು ಹುಚ್ಚೆದ್ದು ಬೆಳೆಯುವ ಕಾಲವೂ ಅದೇ. ಇಂಥ ಸ್ಟೆಂಟನ್ನು ಮನುಷ್ಯರಿಗೆ ಮೊದಲು ಹಾಕಿದ್ದು 1999ರ ಕೊನೆಯಲ್ಲಿ, ಬ್ರೆಜಿಲ್‌ನ ಸಾವೊ ಪೌಲೊದಲ್ಲಿ. ಮತ್ತೆ ಕಿರಿದಾಗುವವರ ಪ್ರಮಾಣ ನೂರಕ್ಕೆ ಹತ್ತಕ್ಕಿಂತ ಕೆಳಗಿಳಿಯಿತು.

ಇಲ್ಲೇ ಒಂದು ತೊಡಕೂ ಇತ್ತು. ಬೇಡದ ಕೋಶಗಳನ್ನು ತಡೆಯುವ ಔಷಧ ಬೇಕಾದ ಕೋಶಗಳನ್ನೂ ತಡೆಯುತ್ತದೆ. ಲೋಹದ ಮೇಲೆ ನಾಳದ ನುಣುಪಾದ ಒಳಪದರ ಬೆಳೆದು ಮುಚ್ಚಿದರೆ ಮಾತ್ರ ರಕ್ತ ಅದನ್ನು ತನ್ನದೆಂದು ಒಪ್ಪಿಕೊಳ್ಳುತ್ತದೆ. ಅಲ್ಲಿಯವರೆಗೆ ಬರಿ ಲೋಹ ಕಂಡಲ್ಲಿ ಹೆಪ್ಪುಗಟ್ಟಲು ನೋಡುತ್ತದೆ. ಲೇಪಿತ ಸ್ಟೆಂಟಿನಲ್ಲಿ ಈ ಪದರ ಬೆಳೆಯುವುದು ತಡ. 2006ರಲ್ಲಿ ಬಾರ್ಸಿಲೋನಾದಲ್ಲಿ ಸೇರಿದ್ದ ಹೃದ್ರೋಗ ತಜ್ಞರನ್ನು ಬೆಚ್ಚಿಬೀಳಿಸಿದ್ದು ಇದೇ ಸಂಗತಿ: ಹಾಕಿ ವರ್ಷ ದಾಟಿದ ಸ್ಟೆಂಟುಗಳಲ್ಲೂ ಕೆಲವು ಹಠಾತ್ತಾಗಿ ಹೆಪ್ಪುಗಟ್ಟುತ್ತಿದ್ದವು. ನಾಳ ಕಿರಿದಾಗುವುದಕ್ಕೆ ತಿಂಗಳುಗಳು ಬೇಕು, ಹೆಪ್ಪುಗಟ್ಟಿ ಮುಚ್ಚಿಹೋಗುವುದಕ್ಕೆ ನಿಮಿಷಗಳು ಸಾಕು.

ಆಮೇಲೆ ಬಂದ ಸ್ಟೆಂಟುಗಳು ಎಷ್ಟೋ ಸುಧಾರಿಸಿವೆ. ಮೊದಲಿನವುಗಳ ಎಳೆ 140 ಮೈಕ್ರಾನ್ ದಪ್ಪವಿದ್ದರೆ ಈಗಿನವು 60ರಿಂದ 80 ಮೈಕ್ರಾನ್. ಸೂರತ್‌ನಲ್ಲಿ ತಯಾರಾಗುವ ಸುಪ್ರಾಫ್ಲೆಕ್ಸ್ ಎಂಬ ಸ್ಟೆಂಟ್ ಯುರೋಪಿನ ರೋಗಿಗಳಲ್ಲಿ ನಡೆದ ಪರೀಕ್ಷೆಯಲ್ಲಿ ಹೆಸರಾಂತ ವಿದೇಶಿ ಸ್ಟೆಂಟಿಗೆ ಸರಿಸಮವಾಗಿ ನಿಂತದ್ದು 2019ರಲ್ಲಿ ಪ್ರಕಟವಾಯಿತು. ಬೆಲೆಯೂ ಇಳಿದಿದೆ. ಲಕ್ಷ ರೂಪಾಯಿ ದಾಟುತ್ತಿದ್ದ ಲೇಪಿತ ಸ್ಟೆಂಟಿಗೆ 2017ರ ಫೆಬ್ರುವರಿಯಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ತೆರಿಗೆ ಬಿಟ್ಟು 29,600 ರೂಪಾಯಿಯ ಮಿತಿ ಹಾಕಿತು. ಸಣ್ಣ ಹಿಡುವಳಿಯ ಮನೆಗಳಿಗೆ ಇದು ಸಣ್ಣ ಸಂಗತಿಯಲ್ಲ.

ನಮ್ಮ ತಾಲ್ಲೂಕು ಆಸ್ಪತ್ರೆಗಳ ಪಾತ್ರವೂ ಬದಲಾಗುತ್ತಿದೆ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯಜ್ಯೋತಿ ಯೋಜನೆಯ ಆಶಯವೇ ಹತ್ತಿರದಲ್ಲಿ ಇಸಿಜಿ ಮಾಡಿ, ಹೆಪ್ಪು ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನನ್ನು ಉಚಿತವಾಗಿ ಕೊಟ್ಟು, ನಂತರ ದೊಡ್ಡಾಸ್ಪತ್ರೆಗೆ ಕಳಿಸುವುದು. ದೂರದ ಊರುಗಳಿಗೆ ಇದಕ್ಕಿಂತ ಒಳ್ಳೆಯ ದಾರಿ ಕಾಣೆ. ಆದರೆ ಸ್ಟೆಂಟ್ ಹಾಕಿಸಿಕೊಂಡು ಮರಳಿದವರ ಮೇಲೆ ವರ್ಷವಿಡೀ ಕಣ್ಣಿಡುವ ಕೆಲಸಕ್ಕೂ ಇಷ್ಟೇ ಕಾಳಜಿ ಬೇಕು. ಆಶಾ ಕಾರ್ಯಕರ್ತೆಯರು ಬಿ.ಪಿ., ಸಕ್ಕರೆ ಕಾಯಿಲೆ ವಿಚಾರಿಸುವಾಗ ಸ್ಟೆಂಟಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಗುಳಿಗೆಯನ್ನೂ ವಿಚಾರಿಸುವಂತಾಗಬೇಕು.

ಯಾಕೆಂದರೆ ಗುಳಿಗೆ ನಿಲ್ಲಿಸಲು ನೆಪಗಳು ಬಹಳ. ಆರಾಮಾಗಿದ್ದೇನೆ ಅನ್ನಿಸುತ್ತದೆ. ಸುಗ್ಗಿಯಲ್ಲಿ ಪೇಟೆಗೆ ಹೋಗಲು ಪುರುಸೊತ್ತಾಗುವುದಿಲ್ಲ. ರಕ್ತ ತೆಳ್ಳಗಾದರೆ ನಿಶ್ಶಕ್ತಿ ಎಂದು ಯಾರೋ ಹೇಳುತ್ತಾರೆ. ಹಲ್ಲು ಕೀಳಿಸಬೇಕಾಗಿ ಬರುತ್ತದೆ. ಹೃದಯಾಘಾತದ ನಂತರ ಸ್ಟೆಂಟ್ ಹಾಕಿಸಿಕೊಂಡವರಿಗೆ ಆಸ್ಪಿರಿನ್ ಜೊತೆ ಕ್ಲೊಪಿಡೊಗ್ರೆಲ್ ಅಥವಾ ಟಿಕಾಗ್ರೆಲರ್ ಸಾಮಾನ್ಯವಾಗಿ ಒಂದು ವರ್ಷ ಬೇಕು. ಆಮೇಲೂ ಒಂದು ಗುಳಿಗೆ ಮುಂದುವರಿಯುತ್ತದೆ. ಜನೌಷಧಿ ಅಂಗಡಿಗಳಲ್ಲಿ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಕಡಿಮೆ ಬೆಲೆಗೆ ಸಿಗುತ್ತವೆ. ಬೀಡಿ, ತಂಬಾಕು ಬಿಡಲೇಬೇಕು.

ಡಿಸ್ಚಾರ್ಜ್ ಚೀಟಿಯನ್ನು ಜೋಪಾನವಾಗಿಡಿ. ಹಲ್ಲಿನ ಡಾಕ್ಟರಿರಲಿ, ಬೇರೆ ಯಾರೇ ಇರಲಿ, ಮೊದಲು ಅದನ್ನು ತೋರಿಸಿ. ಮಲ ಕಪ್ಪಗಾದರೆ, ರಕ್ತ ನಿಲ್ಲದೆ ಹೋದರೆ ತಡಮಾಡದೆ ವೈದ್ಯರ ಬಳಿ ಹೋಗಿ. ಮತ್ತೆ ಎದೆನೋವು ಬಂದರೆ ಗ್ಯಾಸ್ ಎಂದು ಸೋಡಾ ಕುಡಿದು ಮಲಗಬೇಡಿ, 108ಕ್ಕೆ ಫೋನ್ ಮಾಡಿ. ಸ್ಟೆಂಟ್ ಹಾಕಿದ ವೈದ್ಯರನ್ನು ಕೇಳದೆ ಒಂದು ದಿನವೂ ಗುಳಿಗೆ ನಿಲ್ಲಿಸಬೇಡಿ.